ಒಂದೇ ಫೋನಿನ ಮನೆ
ಬೆಂಗಳೂರಿನ ವೈಟ್‌ಫೀಲ್ಡ್ ಅಪಾರ್ಟ್‌ಮೆಂಟುಗಳಲ್ಲಿ ಆನ್‌ಲೈನ್ ಶಾಲೆಯೋ ಹೋಂಸ್ಕೂಲಿಂಗೋ ಎಂಬ ಚರ್ಚೆ ಹುಟ್ಟಿದರೆ ಬೇಗ ಮುಗಿಯುವುದಿಲ್ಲ. ಎರಡೂ ಒಂದೇ ಎಂದುಕೊಂಡವರೂ ಇದ್ದಾರೆ. ಆನ್‌ಲೈನ್ ಶಾಲೆಯಲ್ಲಿ ಟೈಂಟೇಬಲ್ಲು, ಹಾಜರಿ, ಹೋಂವರ್ಕು ಎಲ್ಲ ಉಂಟು, ಮೇಷ್ಟ್ರು ಮಾತ್ರ ಪರದೆಯೊಳಗೆ. ಹೋಂಸ್ಕೂಲಿಂಗಿನಲ್ಲಿ ಏನು ಕಲಿಸಬೇಕು, ಎಷ್ಟು ಬೇಗ ಎಂಬುದೆಲ್ಲ ಅಪ್ಪ ಅಮ್ಮನ ಹೆಗಲಿಗೆ. 14 ತುಂಬಿದವರು ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದಾದ್ದರಿಂದ ಸರ್ಟಿಫಿಕೇಟಿನ ಚಿಂತೆ ಅಷ್ಟಿಲ್ಲ. ಹಗಲಿಡೀ ಮಗುವಿನ ಜೊತೆ ಯಾರಿರುತ್ತಾರೆ ಎಂಬುದೇ ಪ್ರಶ್ನೆ. ಗಂಡ ಹೆಂಡತಿ ಇಬ್ಬರೂ ಮೀಟಿಂಗಿನಲ್ಲಿರುವ ಮನೆಯಲ್ಲಿ ಆ ಕೆಲಸ ಕೊನೆಗೆ ಅಜ್ಜಿಯ ಪಾಲಿಗೆ ಬರುತ್ತದೆ (ಅಜ್ಜಿಯನ್ನು ಯಾರೂ ಕೇಳಿರುವುದಿಲ್ಲ). ಅದೇ ಊರಿನ ಪೀಣ್ಯದ ಕಾರ್ಮಿಕರ ವಠಾರಗಳಲ್ಲಿ ಈ ಆಯ್ಕೆಯೇ ಇಲ್ಲ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ, ಇದ್ದೊಂದು ಸ್ಮಾರ್ಟ್‌ಫೋನು ಅಪ್ಪನ ಜೊತೆ ಶಿಫ್ಟಿಗೆ ಹೋದರೆ ಸಂಜೆಯವರೆಗೆ ಪಾಠವೂ ಇಲ್ಲ. ಆ ವರ್ಷ ಸರ್ಕಾರ ಚಂದನ ವಾಹಿನಿಯಲ್ಲಿ ಪಾಠ ಬಿತ್ತರಿಸಿತು. ವಿದ್ಯಾಗಮ ಯೋಜನೆಯಡಿ ಮೇಷ್ಟ್ರುಗಳನ್ನೇ ಮಕ್ಕಳಿದ್ದಲ್ಲಿಗೆ ಕಳಿಸಿತು. ಮರದ ನೆರಳು, ದೇವಸ್ಥಾನದ ಜಗಲಿಯೂ ತರಗತಿಯಾದವು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದೂ ನಿಂತಿತು. ಆಯ್ಕೆ ಇರುವವರು ನನ್ನನ್ನು ಕೇಳಿದರೆ, ಆರೇಳು ವರ್ಷದ ಮಗುವಿಗೆ ಪರದೆಗಿಂತ ಮನೆಯೇ ಮೇಲು, ಹೈಸ್ಕೂಲಿನವರಿಗೆ ಆನ್‌ಲೈನ್ ನಡೆದೀತು. ಎರಡರಲ್ಲಿ ಒಂದನ್ನು ಆರಿಸುವ ಮುನ್ನ ಪಕ್ಕದ ಸರ್ಕಾರಿ ಶಾಲೆಗೂ ಒಮ್ಮೆ ಹೋಗಿ ಬನ್ನಿ, ಅಲ್ಲಿ ಬಿಸಿಯೂಟವೂ ಇದೆ, ಜಗಳಕ್ಕೆ ಜೊತೆಗಾರರೂ ಇದ್ದಾರೆ.