ದಾರಿ ಯಾರದು, ಯೋಜನೆ ಯಾರದು?

ಬೆಂಗಳೂರಿನ ಒಂದು ಕುಟುಂಬ ಯುರೋಪಿನ ನಾಲ್ಕೈದು ದೇಶಗಳನ್ನು ಕಾರಿನಲ್ಲಿ ಸುತ್ತಿ ಬರಲು ನಿಶ್ಚಯಿಸಿತೆಂದು ಭಾವಿಸೋಣ. ಹೊರಡುವ ತಿಂಗಳುಗಳ ಮೊದಲೇ ಸಿದ್ಧತೆ ಆರಂಭವಾಗುತ್ತದೆ. ಷೆಂಗೆನ್ ವೀಸಾ ಬೇಕು, ಪ್ರವಾಸ ವಿಮೆ ಬೇಕು, ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ ಇಳಿಯಬೇಕಾದರೆ 40 ಫ್ರಾಂಕಿನ ವಾರ್ಷಿಕ ಚೀಟಿ ಕೊಳ್ಳಬೇಕು. ಆಸ್ಟ್ರಿಯಾಕ್ಕೆ ಬೇರೆಯದೇ ಚೀಟಿ. ಜರ್ಮನಿಯ ಹಲವು ನಗರಗಳ ಒಳಭಾಗಕ್ಕೆ ಹೋಗಲು ವಾಹನದ ಹೊಗೆ ಮಿತಿಯಲ್ಲಿದೆ ಎಂದು ಸಾರುವ ಹಸಿರು ಚೀಟಿ ಗಾಜಿನ ಮೇಲಿರಬೇಕು. ಇಟಲಿಯ ಹಳೆಯ ಪೇಟೆಗಳಿಗೆ ಅನುಮತಿಯಿಲ್ಲದೆ ಕಾರು ನುಗ್ಗಿಸಿದರೆ ದಂಡದ ಪತ್ರ ಹಿಂದೆಯೇ ಬರುತ್ತದೆ. ಕುಟುಂಬದ ಹಿರಿಯರು ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಂಡು, ಒಂದೊಂದಕ್ಕೂ ಗುರುತು ಹಾಕುತ್ತ ಹೋಗುತ್ತಾರೆ.

ಅದೇ ಕುಟುಂಬ ಒಂದು ಶುಕ್ರವಾರ ರಾತ್ರಿ ದಾಂಡೇಲಿಗೆ ಹೊರಡುತ್ತದೆ. ರೆಸಾರ್ಟಿನಲ್ಲಿ ಕೋಣೆ ಕಾದಿರಿಸಿದರೆ ಯೋಜನೆ ಮುಗಿಯಿತು. ಗಣೇಶಗುಡಿಯ ನದಿಯಾಟ, ಕುಳಗಿಯ ಕಾಡು, ಸಿಂಥೇರಿ ಬಂಡೆ, ಸಾಧ್ಯವಾದರೆ ಅಲ್ಲಿಂದಲೇ ಗೋವೆ. ಕಾಡಿನ ನಡುವಣ ರಸ್ತೆಯಲ್ಲಿ ಎಷ್ಟು ವೇಗ, ಖಾಲಿ ಸೀಸೆ ಎಲ್ಲಿಗೆ, ಹಾಡಿನ ಸದ್ದು ಎಷ್ಟು ದೂರ ಎಂಬ ಪ್ರಶ್ನೆಗಳು ಪುಸ್ತಕಕ್ಕೆ ಏರುವುದೇ ಇಲ್ಲ.

ಇದರಿಂದ ಪ್ರವಾಸಿಗನನ್ನು ಅನಾಗರಿಕನೆಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ಮನುಷ್ಯ ಅವನೇ; ಅಲ್ಲಿ ಶಿಸ್ತಿನವನು, ಇಲ್ಲಿ ಸ್ವೇಚ್ಛೆಯವನು. ವ್ಯತ್ಯಾಸವಿರುವುದು ಅವನ ಸ್ವಭಾವದಲ್ಲಲ್ಲ, ಅವನು ಕಾಲಿಡುವ ನೆಲ ಅವನಿಗೆ ಏನನ್ನು ಹೇಳಿದೆ ಎಂಬುದರಲ್ಲಿ. ಆಲ್ಪ್ಸ್ ಪರ್ವತದ ಜನ ತಮ್ಮ ಮಾತನ್ನು ಹೇಳಿದ್ದಾರೆ. ಸಹ್ಯಾದ್ರಿಯ ಜನರನ್ನು ಯಾರೂ ಕೇಳಿಲ್ಲ. ಅವರೂ ಒಟ್ಟಾಗಿ ಹೇಳಿಲ್ಲ.

ಆಲ್ಪ್ಸಿನ ಕಥೆಯನ್ನು ಮಲೆನಾಡಿಗರು ತಿಳಿದುಕೊಳ್ಳಬೇಕು. ಉತ್ತರ ಯುರೋಪಿನಿಂದ ಇಟಲಿಗೆ ಸರಕು ಸಾಗಿಸುವ ಲಾರಿಗಳು ಸ್ವಿಟ್ಜರ್ಲೆಂಡಿನ ಕಣಿವೆಗಳನ್ನು ಹಗಲಿರುಳು ತುಂಬತೊಡಗಿದಾಗ, ಗೋಟ್ಹಾರ್ಡ್ ಕಣಿವೆಯ ಪುಟ್ಟ ಊರುಗಳವರು ಚಳವಳಿ ಹೂಡಿದರು. ಅವರ ಬೇಡಿಕೆ 1994ರ ಫೆಬ್ರುವರಿಯಲ್ಲಿ ದೇಶದ ಮತದಾರರ ಮುಂದೆ ಬಂದಿತು. ಸರ್ಕಾರವೇ ವಿರೋಧಿಸಿದರೂ ನೂರಕ್ಕೆ ಸುಮಾರು 52 ಮಂದಿ ಅದನ್ನು ಒಪ್ಪಿದರು. ಗಡಿಯಿಂದ ಗಡಿಗೆ ಹಾದುಹೋಗುವ ಸರಕು ರೈಲಿನಲ್ಲಿ ಸಾಗಬೇಕು, ಪರ್ವತ ಪ್ರದೇಶದ ಹಾದುಹೋಗುವ ರಸ್ತೆಗಳ ಸಾಮರ್ಥ್ಯವನ್ನು ಹೆಚ್ಚಿಸಬಾರದು ಎಂಬ ಮಾತು ಸಂವಿಧಾನವನ್ನೇ ಸೇರಿತು. 2001ರಿಂದ ಲಾರಿಗಳಿಗೆ ಭಾರ ಮತ್ತು ದೂರಕ್ಕೆ ತಕ್ಕ ಸುಂಕ ಬಂದಿತು. 2016ರಲ್ಲಿ 57 ಕಿಲೋಮೀಟರಿನ ರೈಲು ಸುರಂಗ ತೆರೆಯಿತು. 2000ನೇ ಇಸವಿಯಲ್ಲಿ ಸುಮಾರು 14 ಲಕ್ಷವಿದ್ದ ಲಾರಿ ಸಂಚಾರ ಹತ್ತು ಲಕ್ಷಕ್ಕಿಂತ ಕೆಳಗಿಳಿಯಿತು. ಗೊತ್ತುಪಡಿಸಿದ ಆರೂವರೆ ಲಕ್ಷದ ಗುರಿಯನ್ನು ಇನ್ನೂ ಮುಟ್ಟಿಲ್ಲವೆಂಬುದೂ ನಿಜ. ಆದರೂ ದಿಕ್ಕು ತಿರುಗಿತು.

ಫ್ರಾನ್ಸಿನ ಕಡೆ ಈ ಪಾಠ ಬೆಂಕಿಯಿಂದ ಬಂದಿತು. 1999ರ ಮಾರ್ಚ್ 24ರಂದು ಮೋಂ ಬ್ಲಾಂ ಸುರಂಗದಲ್ಲಿ ಲಾರಿಯೊಂದಕ್ಕೆ ಬೆಂಕಿ ಹತ್ತಿ 39 ಜನ ಸತ್ತರು. ಸುರಂಗ ಮುಚ್ಚಿದ್ದ ಮೂರು ವರ್ಷ ಶಾಮನಿ ಕಣಿವೆಯವರು ಶುದ್ಧ ಗಾಳಿಯನ್ನು ಮತ್ತೆ ಕಂಡರು; ಲಾರಿಗಳು ಮರಳುವುದನ್ನು ವಿರೋಧಿಸಿ ಬೀದಿಗಿಳಿದರು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಜೋಯಿಡಾದ ಒಳಹಳ್ಳಿಯಲ್ಲಿ ಮಳೆಗಾಲದ ರಾತ್ರಿ ಬಸುರಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ನಡೆದವರ ಮುಂದೆ ನಿಂತು ರಸ್ತೆ ಬೇಡವೆಂದರೆ, ಅವರು ಸಿಟ್ಟಾಗುವುದು ನ್ಯಾಯವೇ. ಪರಿಸರದ ಹೆಸರಿನಲ್ಲಿ ಈ ಸಿಟ್ಟನ್ನು ಅಲ್ಲಗಳೆದ ಚಳವಳಿ ಹಳ್ಳಿಯನ್ನು ಕಳೆದುಕೊಳ್ಳುತ್ತದೆ. ಆದರೆ ಆಲ್ಪ್ಸಿನವರು ಬೇಡವೆಂದದ್ದು ತಮ್ಮ ಊರಿನ ದಾರಿಯನ್ನಲ್ಲ, ತಮ್ಮ ಊರನ್ನು ತುಳಿದು ಹೋಗುವ ದಾರಿಯನ್ನು. ಅವರ ಸಣ್ಣ ಸಣ್ಣ ಹಳ್ಳಿಗಳಿಗೆ ಇಂದಿಗೂ ಹಳದಿ ಬಣ್ಣದ ಅಂಚೆ ಬಸ್ಸು ರೈಲಿನ ವೇಳೆಗೆ ಹೊಂದಿಕೊಂಡು ಬರುತ್ತದೆ. ಊರಿನವರ ದಾರಿ ಬೇರೆ, ಹಾದುಹೋಗುವವರ ದಾರಿ ಬೇರೆ. ಇಲ್ಲಿ ಆಗುತ್ತಿರುವುದು ಇದರ ತಿರುಗುಮುರುಗು: ರೆಸಾರ್ಟಿನ ಬಾಗಿಲಿನವರೆಗೆ ಡಾಂಬರು, ಕುಣಬಿ ಕೇರಿಯ ಶಾಲೆಗೆ ಕೆಸರು.

ಈ ನಾಲ್ಕು ತಾಲ್ಲೂಕುಗಳ ನೆಲ ಈಗಾಗಲೇ ಅನ್ಯರ ಯೋಜನೆಗಳ ಭಾರವನ್ನು ಹೊತ್ತಿದೆ. ಕಾಳಿಗೆ ಅಣೆಕಟ್ಟು ಕಟ್ಟಿದಾಗ ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಪಟ್ಟಣವೇ ನೀರಿನಡಿ ಸೇರಿತು. ಅನೇಕರು ರಾಮನಗರಕ್ಕೆ ಬಂದು ಹೊಸ ಬಾಳು ಕಟ್ಟಿಕೊಂಡರು. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಬಂದವು. ಕಾಡಿನಂಚಿನ ರೈತ ಸೌದೆಗೂ ಸೊಪ್ಪಿಗೂ ಲೆಕ್ಕ ಕೊಡಬೇಕು. ವಾರಾಂತ್ಯದ ವಾಹನಸಾಲಿಗೆ ಮಾತ್ರ ಲೆಕ್ಕವಿಲ್ಲ. ಇನ್ನೊಬ್ಬ ಪ್ರಯಾಣಿಕನೂ ಇಲ್ಲಿದ್ದಾನೆ. ಭತ್ತ ತೆನೆಗಟ್ಟುವ ಕಾಲಕ್ಕೆ ದಾಂಡೇಲಿಯ ಕಾಡಿನಿಂದ ಹಳಿಯಾಳ, ಮುಂಡಗೋಡಗಳತ್ತ ಸಾಗುವ ಆನೆಗೂ ಒಂದು ದಾರಿಯಿದೆ. ಆ ದಾರಿಯನ್ನು ಬೇಲಿ, ದೀಪ, ಸದ್ದು ಕಡಿದಾಗ ಆನೆ ಗದ್ದೆಗೆ ತಿರುಗುತ್ತದೆ, ನಷ್ಟ ರೈತನದು. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ತಡೆದಿರುವುದು, ಆದರೂ ತುರ್ತು ವಾಹನಗಳಿಗೆ ದಾರಿ ಬಿಟ್ಟಿರುವುದು, ಎರಡನ್ನೂ ಹೊಂದಿಸಲು ಸಾಧ್ಯವೆಂಬುದಕ್ಕೆ ಸಾಕ್ಷಿ.

ಪ್ರಯಾಣದ ಯೋಜನೆ ಬೇರೆ ರೀತಿಯಲ್ಲಿಯೂ ಇರಬಹುದೆಂಬುದನ್ನು ಕರ್ನಾಟಕದ ರೈತರೇ ಒಮ್ಮೆ ತೋರಿಸಿದ್ದರು. ಮೋಂ ಬ್ಲಾಂ ಸುರಂಗ ಉರಿದ ಅದೇ 1999ರ ಮೇ–ಜೂನ್ ತಿಂಗಳುಗಳಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರಾಜ್ಯ ರೈತ ಸಂಘದವರೂ ಇತರ ಸಂಘಟನೆಗಳವರೂ ಸೇರಿ ನೂರಾರು ರೈತರು ಬಸ್ಸುಗಳಲ್ಲಿ ಯುರೋಪಿನ ಅನೇಕ ದೇಶಗಳನ್ನು ಸುತ್ತಿದರು. ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯ ಬಾಗಿಲಿಗೆ ಹೋದರು. ಫ್ರಾನ್ಸಿನ ಮೋಂಪೆಲಿಯೇದಲ್ಲಿ ಅಲ್ಲಿನ ರೈತರ ಜೊತೆ ಕುಲಾಂತರಿ ಭತ್ತದ ವಿರುದ್ಧ ನಿಂತರು. ಶ್ರೀಮಂತ ರಾಷ್ಟ್ರಗಳ ನಾಯಕರು ಸೇರಿದ್ದ ಜರ್ಮನಿಯ ಕಲೋನಿನಲ್ಲಿ ಯಾತ್ರೆ ಮುಗಿಯಿತು. ಅವರ ಕ್ರಮಗಳನ್ನೆಲ್ಲ ಒಪ್ಪಬೇಕೆಂದಿಲ್ಲ. ಆದರೆ ಆ ಯಾತ್ರೆಯ ನಕ್ಷೆಯಲ್ಲಿ ಮೊದಲು ಗುರುತಾದದ್ದು ನೋಡುವ ಸ್ಥಳಗಳಲ್ಲ, ಭೇಟಿಯಾಗಬೇಕಾದ ಜನ. ಇಲ್ಲಿನ ರೈತನ ಸಂಕಟವೂ ಅಲ್ಲಿನ ರೈತನ ಸಂಕಟವೂ ಎದುರುಬದುರು ಕುಳಿತು ಮಾತನಾಡಿದವು.

ದಾಂಡೇಲಿಗೆ ಬರುವ ಪ್ರವಾಸಿಗನ ನಕ್ಷೆಯಲ್ಲಿ ಜನರೇ ಇಲ್ಲ. ಜೋಯಿಡಾದ ಕುಣಬಿಗಳು ಬೆಳೆಯುವ ಬಗೆಬಗೆಯ ಗೆಡ್ಡೆ-ಗೆಣಸುಗಳನ್ನು ಅವನು ಸವಿಯದೆ ಹಿಂತಿರುಗುತ್ತಾನೆ. ಹಳಿಯಾಳದ ಸಿದ್ದಿಗಳ ಕುಣಿತವನ್ನು ಊಟದ ನಡುವಿನ ಮನರಂಜನೆಯಾಗಿ ನೋಡುತ್ತಾನೆ. ಮುಂಡಗೋಡದ ಅತ್ತಿವೇರಿಯ ಹಕ್ಕಿಗಳೂ ಟಿಬೆಟನ್ನರ ವಸತಿಯೂ ಅವನಿಗೆ ಛಾಯಾಚಿತ್ರಗಳಷ್ಟೇ. ಹಣ ಬರುತ್ತದೆ, ನಿಜ. ಅದರಲ್ಲಿ ಎಷ್ಟು ಪಾಲು ಗದ್ದೆಯವರೆಗೆ ಹರಿಯುತ್ತದೆ ಎಂದು ಕೇಳಬೇಕಾದವರು ಯಾರು?

ಕೇಳಬೇಕಾದದ್ದು ಗ್ರಾಮಸಭೆ. 2006ರ ಅರಣ್ಯ ಹಕ್ಕು ಕಾಯ್ದೆಯ 5ನೇ ಪ್ರಕರಣ ಕಾಡು, ವನ್ಯಜೀವಿ, ಜಲಮೂಲಗಳನ್ನು ಕಾಪಾಡುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅನೇಕ ಕಡೆ ಇವು ಕಡತದಲ್ಲಿ ಮಲಗಿವೆ. ನಾಲ್ಕು ತಾಲ್ಲೂಕುಗಳ ಪಂಚಾಯಿತಿಗಳು ಒಟ್ಟಿಗೆ ಕುಳಿತು, ಯಾವ ರಸ್ತೆ ಊರಿನವರಿಗೆ ತುರ್ತಾಗಿ ಬೇಕು, ಯಾವುದರಲ್ಲಿ ಹೊರವಾಹನಕ್ಕೆ ರಾತ್ರಿ ತಡೆ ಬೇಕು, ವಸತಿಗೃಹಗಳು ಸ್ಥಳೀಯ ಅಕ್ಕಿ, ತರಕಾರಿ, ಜೇನನ್ನು ಎಷ್ಟು ಕೊಳ್ಳಬೇಕು, ತಂದ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ಒಯ್ಯುವ ಹೊಣೆ ಯಾರದು ಎಂದು ನಿರ್ಣಯ ಬರೆಯಲಿ. ಒಂದು ಪಂಚಾಯಿತಿಯ ನಿರ್ಣಯವನ್ನು ಬದಿಗಿಡುವುದು ಸುಲಭ. ನಾಲ್ಕು ತಾಲ್ಲೂಕುಗಳ ಒಕ್ಕೊರಲನ್ನು ಬದಿಗಿಡುವುದು ಕಷ್ಟ.

ವಿದ್ಯಾರ್ಥಿಗಳಿಗೂ ಕೆಲಸವಿದೆ. ಒಂದು ಮಳೆಗಾಲ ತಮ್ಮ ಊರಿನ ರಸ್ತೆಯಲ್ಲಿ ಚಕ್ರದಡಿ ಸತ್ತ ಕಪ್ಪೆ, ಹಾವು, ಕಾಡುಬೆಕ್ಕುಗಳನ್ನೂ ಶನಿವಾರ ಭಾನುವಾರ ಹಾದುಹೋಗುವ ವಾಹನಗಳನ್ನೂ ಎಣಿಸಿ ಪುಸ್ತಕದಲ್ಲಿ ದಾಖಲಿಸಲಿ. ಗ್ರಾಮಸಭೆಯ ಮುಂದೆ ಅಳಲಿಗಿಂತ ಅಂಕಿಗೆ ತೂಕ ಹೆಚ್ಚು.

ಯುರೋಪಿಗೆ ಹೊರಟ ಕುಟುಂಬದ ಪುಸ್ತಕದಲ್ಲಿ ಪರ್ವತದ ಜನರು ಹಾಕಿದ ಷರತ್ತುಗಳಿಗೆ ಒಂದು ಪುಟವಿದೆ. ದಾಂಡೇಲಿಗೆ ಹೊರಡುವಾಗಲೂ ಅಂಥದೊಂದು ಪುಟ ಇರಬೇಕಾದರೆ, ಅದನ್ನು ಬರೆಯುವ ಕೈ ಇಲ್ಲಿನದೇ ಆಗಬೇಕು.