ಜರ್ಮನ್ನರು ತಾವಾಗಿಯೇ ಭಾಷೆ ಬಿಟ್ಟರೇ?

"ಯುರೋಪಿನಿಂದ ಅಮೆರಿಕಕ್ಕೆ ಹೋದವರು ತಮ್ಮ ಭಾಷೆ ಬಿಟ್ಟು ಇಂಗ್ಲಿಷ್ ಕಲಿತರು, ಉದ್ಧಾರವಾದರು. ನೀವು ಮಾತ್ರ ಇನ್ನೂ ಕನ್ನಡ ಶಾಲೆ ಎಂದು ಹಠ ಹಿಡಿದು ಕೂತಿದ್ದೀರಿ." ಕಾಸರಗೋಡಿನ ಕನ್ನಡ ಮಾಧ್ಯಮ ಅಧ್ಯಾಪಕರಾದ ನಾವು ಈ ಉಪದೇಶ ಕೇಳಿ ಕೇಳಿ ಸಾಕಾಗಿದ್ದೇವೆ. ನಾವು ಎಲ್ಲಿಂದಲೂ ವಲಸೆ ಬಂದವರಲ್ಲ. 1956ರ ನವೆಂಬರ್ 1ರಂದು ರಾಜ್ಯ ಬದಲಾಯಿತು, ನಾವು ಇದ್ದಲ್ಲೇ ಇದ್ದೆವು. ಅದಿರಲಿ, ವಲಸೆ ಹೋದವರ ಕತೆಯನ್ನೇ ನೋಡೋಣ.

1862ರ ಕಾಯ್ದೆಯಂತೆ ಅಮೆರಿಕ ಸರಕಾರ ಬಯಲುಸೀಮೆಯಲ್ಲಿ ಕುಟುಂಬಕ್ಕೆ 160 ಎಕರೆ ಕೊಟ್ಟಾಗ ನೆಬ್ರಾಸ್ಕಾಕ್ಕೆ ಹೋದವರಲ್ಲಿ ಜರ್ಮನ್ನರು ಬಹಳ. ಅಲ್ಲಿ ಮನೆ ಕಟ್ಟಲು ಮರವಿಲ್ಲ. ಹುಲ್ಲು ಬೇರೂರಿದ ಮಣ್ಣನ್ನೇ ಹೆಂಟೆ ಹೆಂಟೆಯಾಗಿ ಕಡಿದು ಗೋಡೆ ಏರಿಸಿದರು. ಹೊಟ್ಟೆಗೆ ದಾರಿಯಾದ ಕೂಡಲೇ ಇಗರ್ಜಿ, ಪಕ್ಕದಲ್ಲೇ ಜರ್ಮನ್ ಶಾಲೆ! ಸಿನ್ಸಿನಾಟಿ ನಗರದ ಸರಕಾರಿ ಶಾಲೆಗಳಲ್ಲಂತೂ 1840ರಿಂದಲೇ ಇಂಗ್ಲಿಷ್ ಜೊತೆ ಜರ್ಮನ್ ಕಲಿಸುತ್ತಿದ್ದರು. ಇದರಿಂದ ಯಾರ ಬೇಸಾಯ ಕೆಟ್ಟಿತು? ಯಾರ ವ್ಯಾಪಾರ ಮುಳುಗಿತು?

ಕೆಟ್ಟದ್ದು ಯುದ್ಧದಿಂದ. 1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕಿಳಿದ ಮೇಲೆ ನೆರೆಯವನೇ ಶತ್ರುವಾದ. 1918ರಲ್ಲಿ ಅಯೋವಾದ ಗವರ್ನರ್ ರೈಲಿನಲ್ಲಿ, ದೂರವಾಣಿಯಲ್ಲಿ ಕೂಡ ಪರಭಾಷೆ ಆಡಬಾರದೆಂದು ಆಜ್ಞೆ ಹೊರಡಿಸಿದ. ಎಂಟನೇ ತರಗತಿ ಪಾಸಾಗದ ಮಕ್ಕಳಿಗೆ ಯಾವ ಶಾಲೆಯಲ್ಲೂ ಇಂಗ್ಲಿಷೇತರ ಭಾಷೆ ಕಲಿಸಬಾರದೆಂದು 1919ರಲ್ಲಿ ನೆಬ್ರಾಸ್ಕಾ ಕಾನೂನು ಮಾಡಿತು. ಇದನ್ನೇ ನಮ್ಮ ಉಪದೇಶಕರು 'ತಾವಾಗಿಯೇ ಬಿಟ್ಟರು' ಎನ್ನುವುದು.

ರಾಬರ್ಟ್ ಮೇಯರ್ ಎಂಬ ಮಾಸ್ತರರು ಹ್ಯಾಂಪ್ಟನ್ ಬಳಿಯ ಇಗರ್ಜಿ ಶಾಲೆಯಲ್ಲಿದ್ದರು. ಪಾಠದ ವೇಳೆಯಲ್ಲಿ ಜರ್ಮನ್ ಕೂಡದು ತಾನೇ? ಮಧ್ಯಾಹ್ನ ಒಂದರಿಂದ ಒಂದೂವರೆಯ ಬಿಡುವಿನಲ್ಲಿ ಕಲಿಸತೊಡಗಿದರು. 1920ರ ಮೇ 25ರಂದು ಹತ್ತು ವರ್ಷದ ಹುಡುಗನೊಬ್ಬ ಬೈಬಲ್ ಕತೆ ಓದುತ್ತಿದ್ದಾಗ ಸರಕಾರಿ ವಕೀಲ ಒಳಗೆ ಬಂದ. ಇಂಗ್ಲಿಷಿಗೆ ತಿರುಗಿದ್ದರೆ ಮಾಸ್ತರರು ಬಚಾವ್. ತಿರುಗಲಿಲ್ಲ. ದಂಡ 25 ಡಾಲರ್. ರಾಜ್ಯದ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು ಮಾತ್ರ 1923ರ ಜೂನ್ 4ರಂದು ಇಬ್ಬರ ವಿರುದ್ಧ ಏಳು ಮತಗಳಿಂದ ಕಾನೂನನ್ನೇ ರದ್ದುಪಡಿಸಿತು. ಕಲಿಸುವುದು ಮಾಸ್ತರರ ಹಕ್ಕು, ಕಲಿಸಿರೆಂದು ಕೇಳುವುದು ತಂದೆತಾಯಿಯರ ಹಕ್ಕು ಎಂದಿತು.

ಆದರೆ ಅಷ್ಟರಲ್ಲಿ ಆಗಬಾರದ್ದು ಆಗಿತ್ತು. 1915ರಲ್ಲಿ ಅಮೆರಿಕದ ಪ್ರೌಢಶಾಲೆಗಳಲ್ಲಿ ಸುಮಾರು ನಾಲ್ಕರಲ್ಲೊಬ್ಬ ವಿದ್ಯಾರ್ಥಿ ಜರ್ಮನ್ ಓದುತ್ತಿದ್ದ. 1922ರಲ್ಲಿ ನೂರಕ್ಕೊಬ್ಬನೂ ಇಲ್ಲ. ಗೆದ್ದ ತೀರ್ಪು ಹಿಡಿದುಕೊಂಡು ಯಾರಿಗೆ ಕಲಿಸುವುದು?

ಪಾಲಕ ಬಂಧುಗಳೇ, ನಮ್ಮಲ್ಲಿ ಅಂಥ ಕಾನೂನಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಲಭ್ಯ ಒದಗಿಸಬೇಕೆಂಬ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ 1956ರಲ್ಲೇ. ಹೀಗಿರುವಾಗ ಶಾಲೆ ಕೊಲ್ಲಲು ಕಾನೂನು ಯಾಕೆ? ಹುದ್ದೆ ಖಾಲಿ ಬಿಟ್ಟರಾಯಿತು, ಕನ್ನಡ ಓದಲು ಬಾರದವರನ್ನು ಕನ್ನಡ ತರಗತಿಗೆ ಕಳಿಸಿದರಾಯಿತು. ಮುಂದಿನ ಪಿಟಿಎ ಸಭೆಯಲ್ಲಿ ಖಾಲಿ ಹುದ್ದೆಗಳ ಪಟ್ಟಿ ಕೇಳಿ, ನಿರ್ಣಯ ಬರೆಸಿ, ಸಹಿ ಹಾಕಿ ಕಳಿಸಿ. ಮಕ್ಕಳು ತರಗತಿಯಲ್ಲಿರುವಾಗಲೇ.