ಐದು ಔಷಧಿ, ಒಂದು ಮಾತ್ರೆ



ನಮ್ಮ ಮತ್ತಿಗಿರಿ, ಹೊಸೂರು ಕಡೆಯ ಅಂಗಡಿಗಳಲ್ಲಿ ಅರವತ್ತು ದಾಟಿದವರ ಗಲ್ಲಾಪೆಟ್ಟಿಗೆ ತೆರೆದರೆ ಚಿಲ್ಲರೆಯ ಪಕ್ಕದಲ್ಲೇ ಮಾತ್ರೆಗಳೂ ಇರುತ್ತವೆ. ಬಿ.ಪಿ.ಗೆ ಎರಡು, ಕೊಲೆಸ್ಟರಾಲಿಗೆ ಒಂದು, ರಕ್ತ ಹೆಪ್ಪುಗಟ್ಟದಿರಲು ಒಂದು. ಬೆಳಿಗ್ಗೆ ಗಿರಾಕಿಗಳು ಬಂದರೆ ಅದರಲ್ಲಿ ಒಂದು ಮರೆತುಹೋಗುತ್ತದೆ. ತಂದದ್ದು ಮುಗಿದ ಮೇಲೆ "ಆರಾಮಾಗಿಯೇ ಇದ್ದೇನಲ್ಲ" ಎಂದು ಎಲ್ಲವೂ ನಿಂತುಹೋಗುತ್ತದೆ. ಬಿ.ಪಿ. ನೋವು ಕೊಟ್ಟು ಎಚ್ಚರಿಸುವ ಕಾಯಿಲೆಯಲ್ಲ. ಅಪಾಯ ಇರುವುದು ಅಲ್ಲೇ.

ಇದಕ್ಕೆ ಉಪಾಯವಾಗಿ ಎಲ್ಲ ಔಷಧಿಗಳನ್ನೂ ಒಂದೇ ಮಾತ್ರೆಯಲ್ಲಿ ಸೇರಿಸುವ 'ಪಾಲಿಪಿಲ್' ಯೋಚನೆಯನ್ನು 2003ರಲ್ಲಿ ಲಂಡನ್ನಿನ ವಾಲ್ಡ್ ಮತ್ತು ಲಾ ಎಂಬಿಬ್ಬರು ತಜ್ಞರು ಮುಂದಿಟ್ಟರು. ಅದರ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ದೇಶದಲ್ಲೇ. ಅಹಮದಾಬಾದಿನ ಕ್ಯಾಡಿಲಾ ಕಂಪನಿಯ 'ಪಾಲಿಕ್ಯಾಪ್'ನಲ್ಲಿ ಬಿ.ಪಿ.ಗೆ ಮೂರು ಔಷಧಿ, ಕೊಲೆಸ್ಟರಾಲಿಗೆ ಒಂದು ಮತ್ತು ಆಸ್ಪಿರಿನ್ ಇದ್ದವು. ಇಲ್ಲಿಂದ ಒಂದು ಬಸ್ಸಿನ ದೂರದಲ್ಲಿರುವ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರು ಈ ಕೆಲಸದಲ್ಲಿ ಮುಂದಿದ್ದರು. ದೇಶದ 50 ಕೇಂದ್ರಗಳಲ್ಲಿ 2,053 ಜನರನ್ನು ಪರೀಕ್ಷಿಸಿದ ಫಲಿತಾಂಶ 2009ರಲ್ಲಿ ಬಂತು. ಬಿ.ಪಿ.ಯೂ ಕೊಲೆಸ್ಟರಾಲೂ ಇಳಿದಿದ್ದವು. ಐದನ್ನೂ ಕೂಡಿಸಿದ್ದರಿಂದ ತೊಂದರೆ ಹೆಚ್ಚಲಿಲ್ಲ.

ಆಮೇಲೆ ಭಾರತವೂ ಸೇರಿ ಹಲವು ದೇಶಗಳ 5,713 ಜನರನ್ನು ನಾಲ್ಕೂವರೆ ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಇದರ ಫಲಿತಾಂಶ 2020ರಲ್ಲಿ ಹೊರಬಂತು. ಹುಸಿ ಮಾತ್ರೆ ತಿಂದವರಲ್ಲಿ ನೂರಕ್ಕೆ 5.8 ಜನರಿಗೆ ಹೃದಯಾಘಾತ, ಲಕ್ವದಂಥ ಆಪತ್ತು ಬಂದರೆ, ಪಾಲಿಪಿಲ್ ಮತ್ತು ಆಸ್ಪಿರಿನ್ ಎರಡನ್ನೂ ತಿಂದವರಲ್ಲಿ ಅದು 4.1. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಮಾತ್ರೆಗಳನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಹಾಗೆಂದು ಮೆಡಿಕಲ್ ಶಾಪಿಗೆ ಹೋಗಿ ನಾವೇ ಕೇಳಿ ತರುವ ಸರಕಲ್ಲ ಇದು. ಆಸ್ಪಿರಿನ್‌ನಿಂದ ಕೆಲವರಿಗೆ ಹೊಟ್ಟೆಯಲ್ಲಿ ರಕ್ತ ಒಸರುತ್ತದೆ. ಅಟೆನೊಲಾಲ್ ಆಸ್ತಮಾ ಇರುವವರಿಗೆ ತೊಂದರೆ ಕೊಡಬಹುದು. ಒಂದರೊಳಗೆ ಐದು ಇರುವುದರಿಂದ ಒಂದರ ಅಳತೆ ಮಾತ್ರ ಕಡಿಮೆ ಮಾಡಲೂ ಆಗದು. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ಹೇಳಬೇಕು.

ನಮ್ಮ ಮನೆಗಳಿಗೆ ಸಂಬಂಧಿಸಿದ ಇನ್ನೆರಡು ಮಾತು. ಕ್ಯಾಪ್ಸೂಲಿನ ಹೊರಕವಚವನ್ನು ಸಾಮಾನ್ಯವಾಗಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್‌ನಿಂದ ಮಾಡುತ್ತಾರೆ. ಇದು ಬೇಡವೆನ್ನುವವರು ಔಷಧಿಯನ್ನೇ ಬಿಡಬೇಕಾಗಿಲ್ಲ. ಗಟ್ಟಿ ಮಾತ್ರೆಯಾಗಲಿ, ಸಸ್ಯಮೂಲದ ಕವಚದ್ದಾಗಲಿ ಇದೆಯೇ ಎಂದು ವೈದ್ಯರನ್ನು ಕೇಳಬಹುದು. ಎರಡನೆಯದು ಪರ್ಯೂಷಣದ ಉಪವಾಸ. ಮೂತ್ರ ಹೆಚ್ಚಿಸಿ ಬಿ.ಪಿ. ಇಳಿಸುವ ಔಷಧಿ ತಿಂದು ನೀರನ್ನೂ ಬಿಟ್ಟರೆ ತಲೆಸುತ್ತು ಬಂದು ಬೀಳುವ ಭಯವಿದೆ. ಅಟೆನೊಲಾಲನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು ಮರುಕಳಿಸಬಹುದು. ತಿಂದು ಉಪವಾಸ ಮಾಡುವುದೋ, ಬಿಟ್ಟು ಮಾಡುವುದೋ ಎಂದು ಮನೆಯಲ್ಲೇ ತೀರ್ಮಾನಿಸುವುದು ಬೇಡ. ಪರ್ವಕ್ಕೆ ಒಂದು ತಿಂಗಳು ಮೊದಲೇ ವೈದ್ಯರನ್ನು ಕಂಡು, ಎಷ್ಟು ದಿನದ ಉಪವಾಸ, ನೀರು ಉಂಟೋ ಇಲ್ಲವೋ ಎಂಬುದನ್ನು ಬಿಚ್ಚಿ ಹೇಳಿ. ಹೇಳಲು ಹಿರಿಯರು ಸಂಕೋಚಪಟ್ಟರೆ ಮಗನೋ ಸೊಸೆಯೋ ಜೊತೆಗೆ ಹೋಗಲಿ.